ಪ್ರೇಮದ ಗೇಮಿನಲ್ಲಿ ದಾರಿ ತಪ್ಪಿದ ಹುಡುಗನನ್ನು ದಾರಿಗೆ ತರುವುದು ಹೇಗೆ

ನಾನು ಮತ್ತು ಇಬ್ಬರು ಗೆಳತಿಯರು ಉಡುಪಿಯಲ್ಲಿ ಕೂತು ಕನ್ನಡದಲ್ಲಿ ಒಂದು ಪ್ರೇಮದ ಗೇಮ್ ಮಾಡುತ್ತಿದ್ದೇವೆ. ಚಿತ್ರ ಬರುತ್ತದೆ, ಮಾತು ಬರುತ್ತದೆ, ನಡುನಡುವೆ ನೀವು ಒಂದು ಉತ್ತರ ಆರಿಸಬೇಕು, ಆ ತರದ್ದು. ನಮ್ಮ ನಾಯಕ ಚರಣ್, ಮಲ್ಪೆಯ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಕುಡಿಯುತ್ತಾನೆ, ಕೂಗಾಡುತ್ತಾನೆ, ಮೂರು ದಿನ ಫೋನ್ ಎತ್ತುವುದಿಲ್ಲ, ನಾಲ್ಕನೇ ದಿನ ಬಂದು ತಲೆ ತಗ್ಗಿಸಿ ನಿಲ್ಲುತ್ತಾನೆ. ನಾಯಕಿ ಶ್ರಾವ್ಯ, ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ. ಮೊದಲ ಕರಡಿನಲ್ಲಿ ಅವನನ್ನು ಸರಿಮಾಡುವುದು ಬಹಳ ಸುಲಭ ಇತ್ತು. ಒಳ್ಳೆಯ ಉತ್ತರ ಆರಿಸುತ್ತಾ ಹೋಗಿ, ಪ್ರೀತಿ ಎಷ್ಟಾಯಿತು ಅಂತ ಪರದೆಯಲ್ಲಿ ತೋರಿಸುವ ಹತ್ತು ಹೃದಯ ತುಂಬಿಸಿ. ತುಂಬಿದ ಕೂಡಲೇ ಕಡಲ ತೀರದಲ್ಲಿ ಸೂರ್ಯ ಮುಳುಗುತ್ತಾನೆ, ಚರಣ್ ಬಾಟಲಿಯನ್ನು ಕಡಲಿಗೆ ಬಿಸಾಡುತ್ತಾನೆ, ಮುಗೀತು.

ಅದನ್ನು ಮೊದಲು ಆಡಿದ್ದು ನನ್ನ ಚಿಕ್ಕಮ್ಮನ ಮಗಳು. ಆಡಿ ಮುಗಿಸಿ ಫೋನ್ ಕೊಡುತ್ತಾ ಒಂದೇ ಮಾತು ಕೇಳಿದಳು: "ಅಕ್ಕಾ, ಇವನು ಎಂತ ಮಾಡಿದ್ದು? ಎಲ್ಲ ಅವಳೇ ಮಾಡಿದ್ದಲ್ವಾ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅದಾದ ಮೇಲೆ ಇಡೀ ಮಳೆಗಾಲ ಕೂತು ಕತೆಯನ್ನು ಮತ್ತೆ ಕಟ್ಟಿದೆವು. ಹೇಗೆ ಕಟ್ಟಿದೆವು, ಎಲ್ಲಿ ತಪ್ಪಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ, ಇಂಥದೇ ಪಾತ್ರ ಬರೆಯುವವರಿಗೆ ಉಪಯೋಗ ಆಗಲಿ ಅಂತ. ಪ್ರೀತಿಯೊಂದರಿಂದಲೇ ಇಂಥವನು ಸರಿಹೋಗುತ್ತಾನಾ ಅಂತ ಕೇಳಿದರೆ ನನ್ನ ಉತ್ತರ ಇಲ್ಲ. ಪ್ರೀತಿ ಬಾಗಿಲು ತೆರೆದಿಡಬಹುದು. ಹೊಸಿಲು ದಾಟಬೇಕಾದವನು ಅವನು. ಆಡುವವರ ಬೆರಳಿಗೆ ಅದು ಗೊತ್ತಾಗುವ ಹಾಗೆ ಗೇಮ್ ಕಟ್ಟುವುದು ಹೇಗೆ ಅನ್ನುವುದೇ ನಮ್ಮ ಕೆಲಸ.

ಮೊದಲು ನೋಟ್‌ಬುಕ್ ಹಿಡಿದು ಬೇರೆಯವರ ಗೇಮ್ ಆಡಿ

ಬರೆಯಲು ಕೂರುವ ಮುಂಚೆ ನಾಲ್ಕೈದು ಗೇಮ್ ಆಡಿ. ಪ್ರತಿ ಗೇಮಿನಲ್ಲೂ ಒಂದೇ ಪ್ರಶ್ನೆ ಬರೆದುಕೊಳ್ಳಿ: ಇವನು ಬದಲಾದದ್ದು ಯಾವುದರಿಂದ?

ಪ್ರೀತಿಯನ್ನು ಅಂಕಿಯಲ್ಲಿ ಎಣಿಸುವ ಅಭ್ಯಾಸ ಹಳೆಯದು. ಜಪಾನಿನಲ್ಲಿ 1994ರಲ್ಲಿ ಟೋಕಿಮೆಕಿ ಮೆಮೋರಿಯಲ್ ಬಂತು. ಅದೇ ವರ್ಷ ಕೋಯೆ ಕಂಪನಿಯ ಹೆಣ್ಣುಮಕ್ಕಳ ತಂಡ ರೂಬಿ ಪಾರ್ಟಿ, ಹುಡುಗಿಯರಿಗಾಗಿಯೇ ಆಂಜೆಲಿಕ್ ಮಾಡಿತು. ಅಲ್ಲಿಂದ ಇಲ್ಲಿಯವರೆಗೂ ಲೆಕ್ಕ ಇಡುವುದು ಹೆಚ್ಚುಕಮ್ಮಿ ಹೀಗೆಯೇ: ಒಳ್ಳೆಯದು ಮಾಡಿದರೆ ಅಂಕ ಏರುತ್ತದೆ, ಏರಿದರೆ ಬಾಗಿಲು ತೆರೆಯುತ್ತದೆ. ಸಾಮಾನ್ಯ ಪ್ರೇಮಕತೆಗೆ ಇದು ಸಾಕು. ಆದರೆ ಒಳಗೆ ಗಾಯ ಇರುವ ಪಾತ್ರಕ್ಕೆ ಇದೇ ಲೆಕ್ಕ ಹಾಕಿದರೆ, ನಮಗೆ ಗೊತ್ತಿಲ್ಲದೆಯೇ ನಾವೊಂದು ಮಾತು ಹೇಳುತ್ತಿರುತ್ತೇವೆ: ನೀನು ಸಾಕಷ್ಟು ಪ್ರೀತಿಸಿದರೆ ಅವನು ಸರಿಹೋಗುತ್ತಾನೆ, ಸರಿಹೋಗದಿದ್ದರೆ ನಿನ್ನ ಪ್ರೀತಿ ಸಾಲಲಿಲ್ಲ. ನಿಜಜೀವನದಲ್ಲಿ ಎಷ್ಟು ಹುಡುಗಿಯರು ಇದೇ ಮಾತು ನಂಬಿ ವರ್ಷಗಟ್ಟಲೆ ಸವೆದಿದ್ದಾರೆ ಅಂತ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ಹತ್ತಿರದ ಒಬ್ಬಳು ಆರು ವರ್ಷ ಹಾಗೆ ಕಳೆದಳು. ಅದಕ್ಕೇ ಇದು ನನಗೆ ಸುಮ್ನೆ ಗೇಮಿನ ವಿಷಯ ಅಲ್ಲ.

2016ರಲ್ಲಿ ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಸ್ಟಾರ್‌ಡ್ಯೂ ವ್ಯಾಲಿ ನೋಡಿ. ಅದರಲ್ಲಿ ಶೇನ್ ಅಂತ ಒಬ್ಬ ಇದ್ದಾನೆ. ಕುಡಿತ, ಬೇಸರ, ಬದುಕೇ ಬೇಡ ಅನ್ನುವ ಮಟ್ಟಿಗೆ. ವಾರಕ್ಕೆ ಎರಡು ಉಡುಗೊರೆ ಕೊಡಬಹುದು, 250 ಅಂಕಕ್ಕೆ ಒಂದು ಹೃದಯ. ಅವನಿಗೆ ತುಂಬಾ ಇಷ್ಟದ ಉಡುಗೊರೆಗಳಲ್ಲಿ ಬಿಯರ್ ಕೂಡ ಒಂದು! ಕುಡಿತದಿಂದ ನರಳುವವನ ಪ್ರೀತಿ ಕುಡಿಸಿದರೆ ಏರುತ್ತದೆ. ಇಲ್ಲಿ ಲೆಕ್ಕ ಮತ್ತು ಕತೆ ಒಂದಕ್ಕೊಂದು ಎದುರು ನಿಂತಿವೆ, ಅಂಕಿ ಮಾತ್ರ ನಂಬಿದರೆ ಹೀಗೆ ಆಗುತ್ತದೆ. ಆದರೆ ಅದೇ ಶೇನ್ ಕತೆಯಲ್ಲಿ ಒಂದು ಬಹಳ ಒಳ್ಳೆಯ ಕೆಲಸವೂ ಉಂಟು. ಆರನೇ ಹೃದಯದ ಹೊತ್ತಿಗೆ ಅವನು ಬಂಡೆಯ ಅಂಚಿನಲ್ಲಿ ಬಿದ್ದಿರುತ್ತಾನೆ. ನಾವು ಅವನನ್ನು ಕರೆದುಕೊಂಡು ಹೋಗುವುದು ಡಾಕ್ಟರ ಹತ್ತಿರ. ಆಮೇಲೆ ಅವನು ತಾನಾಗಿ ಬಂದು, ಪೇಟೆಯಲ್ಲಿರುವ ಕೌನ್ಸೆಲರ್ ಒಬ್ಬರನ್ನು ನೋಡುತ್ತೇನೆ ಅನ್ನುತ್ತಾನೆ. ಅವನಿಗೆ ಅತ್ತೆ ಇದ್ದಾಳೆ, ಸಾಕುಮಗಳ ಹಾಗಿರುವ ಪುಟ್ಟ ಹುಡುಗಿ ಇದ್ದಾಳೆ, ಕೋಳಿಗಳಿವೆ. ನಾವು ಆ ಸಾಲಿನಲ್ಲಿ ಒಬ್ಬರು, ಅಷ್ಟೇ. ಇದನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದುಕೊಳ್ಳಿ.

2012ರ ಕಟಾವಾ ಶೋಜೋ ವಯಸ್ಕರ ಗೇಮ್, ಚಿಕ್ಕವರಿಗೆ ಬೇಡ. ಅದರ ಹನಾಕೊ ಭಾಗದಲ್ಲಿ ನಾನು ಕಲಿತದ್ದು ಜಾಸ್ತಿ. ಮೈಮೇಲೆ ಸುಟ್ಟ ಗಾಯದ ಗುರುತಿರುವ, ಜನ ಕಂಡರೆ ಹೆದರುವ ಹುಡುಗಿ. ಆಡುವವರಿಗೆ ಸಹಜವಾಗಿಯೇ ಅನಿಸುತ್ತದೆ, ಇವಳನ್ನು ಕಾಪಾಡಬೇಕು ಅಂತ. ಹಾಗೆ ಅತಿಯಾಗಿ ಕಾಪಾಡಲು ಹೋದವರಿಗೆ ಸಿಗುವುದೇ ಕೆಟ್ಟ ಮುಕ್ತಾಯ. ನನ್ನನ್ನು ಮಗುವಿನ ಹಾಗೆ ನೋಡಬೇಡ ಅಂತ ಅವಳು ಸಿಡಿದುಬೀಳುತ್ತಾಳೆ. ಮೊದಲ ಸಲ ನನಗೂ ಅದೇ ಆಯಿತು, ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಕೊರಿಯಾದ ಚೆರಿಟ್ಜ್ ಕಂಪನಿಯ ಮಿಸ್ಟಿಕ್ ಮೆಸೆಂಜರ್, 2016ರದ್ದು, ನಮ್ಮ ಪ್ರಶ್ನೆಯನ್ನೇ ಕತೆ ಮಾಡಿಕೊಂಡಿದೆ. ಅದರಲ್ಲಿ ವಿ ಎಂಬವನು ರಿಕಾಳ ಒಳಗಿನ ಕತ್ತಲನ್ನು ತನ್ನ ಪ್ರೀತಿಯೊಂದೇ ಗುಣಪಡಿಸುತ್ತದೆ ಅಂತ ನಂಬುತ್ತಾನೆ. ಅವಳು ಏನು ಮಾಡಿದರೂ ಸಹಿಸುತ್ತಾನೆ, ಬೇರೆಯವರಿಂದ ಮುಚ್ಚಿಡುತ್ತಾನೆ. ಅವಳ ಕೈಯಿಂದಲೇ ಅವನ ಕಣ್ಣಿಗೆ ಪೆಟ್ಟಾಗುತ್ತದೆ, ಚಿಕಿತ್ಸೆಯೂ ಬೇಡ ಅನ್ನುತ್ತಾನೆ. ಅವಳು ಸರಿಹೋಗುವುದಿಲ್ಲ. ಅವನು ಮುಚ್ಚಿಟ್ಟದ್ದರಿಂದ ಪೆಟ್ಟು ತಿನ್ನುವವರ ಸಂಖ್ಯೆ ಮಾತ್ರ ಏರುತ್ತದೆ.

ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. 2011ರ ಡ್ರ್ಯಾಗನ್ ಏಜ್ 2ರಲ್ಲಿ ಆಂಡರ್ಸ್ ಎಂಬವನನ್ನು ನೀವು ಎಷ್ಟೇ ಪ್ರೀತಿಸಿ, ಅವನು ಒಂದು ಪ್ರಾರ್ಥನಾ ಮಂದಿರವನ್ನು ಸ್ಫೋಟಿಸಿಯೇ ತೀರುತ್ತಾನೆ. 2023ರ ಬಾಲ್ಡರ್ಸ್ ಗೇಟ್ 3ರ ಆಸ್ಟೇರಿಯನ್ ಇನ್ನೂರು ವರ್ಷ ಒಬ್ಬ ಯಜಮಾನನ ಕೈಯಲ್ಲಿ ನರಳಿದವನು. ಅದೇ ಯಜಮಾನನ ಜಾಗ ತನಗೆ ಸಿಗುವ ಗಳಿಗೆ ಬಂದಾಗ ನೀವು ಅವನನ್ನು ತಡೆಯಬಹುದು. ಅದಕ್ಕೆ ನೀವು ಅವನ ಪ್ರೇಮಿಯೇ ಆಗಿರಬೇಕೆಂದಿಲ್ಲ, ಬರೀ ಗೆಳೆಯರಾದರೂ ಸಾಕು. ತಡೆಯದೆ ಬಿಟ್ಟರೆ ಪ್ರೀತಿ ಉಳಿಯುತ್ತದೆ, ಆದರೆ ಅವನು ನಿಮ್ಮನ್ನು ತನ್ನ ಸ್ವತ್ತಿನ ಹಾಗೆ ನೋಡತೊಡಗುತ್ತಾನೆ. ಪ್ರೀತಿ ಇದೆ, ಮನುಷ್ಯ ಕೆಟ್ಟುಹೋಗಿದ್ದಾನೆ, ಎರಡೂ ಒಟ್ಟಿಗೆ. ಇದು ಸಾಧ್ಯ ಅಂತ ತೋರಿಸುವ ಧೈರ್ಯ ನನಗೆ ಬಹಳ ಹಿಡಿಸಿತು.

ಅವಳು ಬರುವ ಮುಂಚಿನ ಒಂದು ಪುಟ

ಈಗ ನಿಮ್ಮ ಪಾತ್ರಕ್ಕೆ ಬನ್ನಿ. ನಾಯಕಿ ಊರಿಗೆ ಬರುವ ಮುಂಚಿನ ಅವನ ಬದುಕನ್ನು ಒಂದು ಪುಟ ಬರೆಯಿರಿ. ಅದರಲ್ಲಿ ನಾಯಕಿಯ ಹೆಸರೇ ಬರಬಾರದು. ಯಾರಿಗೆ ಏನು ಮಾಡಿದ್ದಾನೆ? ಯಾರಿಗೆ ಸಾಲ ಬಾಕಿ, ಯಾರಿಗೆ ಮಾತು ಬಾಕಿ? ಯಾವ ಹೊತ್ತಿಗೆ ಕುಡಿಯಲು ಹೋಗುತ್ತಾನೆ, ಯಾವ ಹೊತ್ತಿಗೆ ಹೋಗುವುದಿಲ್ಲ?

ನಾವು ಮೊದಲು ಬರೆದಾಗ ಚರಣನ ಪುಟದಲ್ಲಿ "ಬಾಲ್ಯದಲ್ಲಿ ಪ್ರೀತಿ ಸಿಗಲಿಲ್ಲ" ಅಂತ ಇತ್ತು. ಇದು ಎಲ್ಲರೂ ಬರೆಯುವ ಮಾತು. ಅದರಿಂದ ಒಂದು ತೊಂದರೆಯೂ ಉಂಟು: ಕೊರತೆ ಪ್ರೀತಿಯದ್ದು ಅಂತಾದರೆ ಔಷಧವೂ ಪ್ರೀತಿಯೇ ಅಂತಾಗುತ್ತದೆ, ಮತ್ತೆ ಅದೇ ಹತ್ತು ಹೃದಯಕ್ಕೆ ಬಂದು ನಿಲ್ಲುತ್ತೇವೆ. ಅವನ ಗಂಟು ಪ್ರೀತಿಯಿಂದ ಬಿಚ್ಚಲಾಗದ ಗಂಟಾಗಿರಬೇಕು.

ಅದು ನಮಗೆ ಸಿಕ್ಕಿದ್ದು ತಾಳಮದ್ದಳೆಯಿಂದ. ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಳೆ ಜಾಸ್ತಿ, ಅಲ್ವಾ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಒಂದು ಸಂಜೆ ಕರ್ಣಭೇದನ ಕೇಳಲು ಹೋಗಿದ್ದೆವು. ಕತೆ ಗೊತ್ತಿದ್ದದ್ದೇ. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ, ಪಾಂಡವರು ನಿನ್ನ ತಮ್ಮಂದಿರು, ರಾಜ್ಯ ನಿನ್ನದೇ ಅನ್ನುತ್ತಾನೆ. ಆಮೇಲೆ ಕುಂತಿ ಬರುತ್ತಾಳೆ. ಹುಟ್ಟಿದಂದಿನಿಂದ ಸಿಗದ ತಾಯಿಯ ಪ್ರೀತಿ ಎದುರಿಗೇ ಬಂದು ನಿಂತಿದೆ. ಕರ್ಣ ಕರಗುತ್ತಾನೆ, ಅಳುತ್ತಾನೆ, ಆದರೆ ಪಕ್ಷ ಬಿಡುವುದಿಲ್ಲ. ಕೌರವನ ಅನ್ನದ ಋಣ ಅವನ ಮೇಲಿದೆ. ಆ ಋಣವನ್ನು ಅಮ್ಮನ ಪ್ರೀತಿ ತೀರಿಸಲಾರದು.

ಮನೆಗೆ ಬಂದು ನಾವೂ ಹಾಗೆಯೇ ಕೂತೆವು. ಒಬ್ಬಳು ಚರಣ್, ಒಬ್ಬಳು ಶ್ರಾವ್ಯ, ನಾನು ಬರೆದುಕೊಳ್ಳುವವಳು. ನಿಯಮ ಒಂದೇ: ಚರಣ್ ಆದವಳು ತನಗೆ ನಿಜಕ್ಕೂ ಒಪ್ಪಿಗೆ ಆಗದೆ ಸೋಲಬಾರದು. ಇದನ್ನು ನೀವೂ ಮಾಡಿ, ಖಂಡಿತ ಮಾಡಿ. ಕಾಗದದ ಮೇಲೆ ಚೆನ್ನಾಗಿ ಕಾಣುವ ಮಾತು ಎದುರಿಗೆ ಕೂತವರ ಬಾಯಿಗೆ ಸಿಕ್ಕಿದರೆ ಎರಡೇ ನಿಮಿಷದಲ್ಲಿ ಉದುರಿಹೋಗುತ್ತದೆ. ನಮ್ಮ ಶ್ರಾವ್ಯ "ನಾನಿದ್ದೇನಲ್ಲ, ಎಲ್ಲ ಸರಿಹೋಗ್ತದೆ" ಅಂದಳು. ಚರಣ್ ಆಗಿ ಕೂತವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನೀನಿದ್ದಿ ಮಾರಾಯ್ತಿ, ಸರಿ. ಮಾದೇವಣ್ಣನ ಬೆರಳು ವಾಪಸ್ ಬರ್ತದಾ?"

ಮಾದೇವಣ್ಣ ಯಾರು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿದ ಹೆಸರು. ಅಲ್ಲಿಂದ ಕತೆ ತಾನಾಗಿ ಬಂತು. ಮಾದೇವಣ್ಣ ಹೊನ್ನಾವರ ಕಡೆಯಿಂದ ಬಂದ ಕಲಾಸಿ, ಅಂದರೆ ಬೋಟಿನ ಕೆಲಸದಾಳು. ಚರಣ್ ಕುಡಿದು ಬಂದ ಒಂದು ರಾತ್ರಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಮಾದೇವಣ್ಣನ ಎರಡು ಬೆರಳು ಹೋದವು. ಚರಣ್ ಆಸ್ಪತ್ರೆಗೆ ದುಡ್ಡು ಕಳಿಸಿದ, ಆದರೆ ನೋಡಲು ಹೋಗಲಿಲ್ಲ. ಅದಕ್ಕೇ ಕುಡಿತ ಹೆಚ್ಚಾಯಿತು, ಅದಕ್ಕೇ ಫೋನ್ ಎತ್ತುವುದಿಲ್ಲ. ಇದು ಶ್ರಾವ್ಯಳಿಗೆ ಮಾಡಿದ ತಪ್ಪಲ್ಲ, ಅವಳು ಕ್ಷಮಿಸಿದರೆ ಮುಗಿಯುವುದೂ ಇಲ್ಲ. ನಿಮ್ಮ ಪಾತ್ರಕ್ಕೆ ಇಂಥ ಒಂದು ಬಾಕಿ ಸಿಗುವವರೆಗೆ ಮುಂದೆ ಹೋಗಬೇಡಿ.

ಎರಡು ಲೆಕ್ಕ ಇಡಿ: ಪ್ರೀತಿ ಬೇರೆ, ಹೆಜ್ಜೆ ಬೇರೆ

ನಾವು ಬಳಸುವುದು ರೆನ್‌ಪೈ. 2004ರಿಂದ ಇರುವ ಉಚಿತ ಸಾಫ್ಟ್‌ವೇರ್, ಪೈಥಾನ್ ಮೇಲೆ ನಿಂತದ್ದು, ಕಟಾವಾ ಶೋಜೋ ಕೂಡ ಅದರಲ್ಲೇ ಆದದ್ದು. ಕೋಡಿಂಗ್ ಗೊತ್ತಿಲ್ಲದಿದ್ದರೂ ವಾರದೊಳಗೆ ಕೈಗೆ ಬರುತ್ತದೆ. ಕನ್ನಡಕ್ಕೆ ಒಂದೇ ಎಚ್ಚರ: ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತಿತ್ತು. ಹಾರ್ಫ್‌ಬಜ್ (ಅಕ್ಷರ ಸರಿಯಾಗಿ ಜೋಡಿಸುವ ತಂತ್ರಾಂಶ) ಇರುವ ಈಚಿನ ಆವೃತ್ತಿ ಹಾಕಿಕೊಳ್ಳಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಕೊಡಿ, "ಸ್ತ್ರೀ", "ರಾಷ್ಟ್ರ" ಅಂತ ಬರೆದು ಸರಿ ಕಾಣುತ್ತದಾ ನೋಡಿ.

ಶುರುವಿನಲ್ಲಿ ಎರಡು ವೇರಿಯಬಲ್, ಅಂದರೆ ಗೇಮ್ ಒಳಗೇ ಲೆಕ್ಕ ಇಡುವ ಎರಡು ಅಂಕ, ಇಡಿ. ಒಂದು ಪ್ರೀತಿ, ಇನ್ನೊಂದು ಹೆಜ್ಜೆ. ಪ್ರೀತಿ ಏರುವುದು ಎಲ್ಲ ಗೇಮಿನ ಹಾಗೆಯೇ: ಒಟ್ಟಿಗೆ ನಡೆದದ್ದು, ನಕ್ಕದ್ದು, ಗಡ್‌ಬಡ್ ಹಂಚಿಕೊಂಡದ್ದು. ಹೆಜ್ಜೆ ಮಾತ್ರ ಹಾಗಲ್ಲ. ಚರಣ್ ತಾನಾಗಿ ಏನಾದರೂ ಮಾಡಿದಾಗ ಮಾತ್ರ ಅದು ಏರುತ್ತದೆ. ಶ್ರಾವ್ಯ ಕೊಟ್ಟ ಉಡುಗೊರೆಯಿಂದ, ಹೇಳಿದ ಸಿಹಿಮಾತಿನಿಂದ ಒಂದು ಅಂಕವೂ ಏರಬಾರದು. ಅವಳ ಮಾತು ಅವನಿಗೆ ಒಂದು ಸಂದರ್ಭ ತೆರೆಯಬಹುದು, ಅಷ್ಟೇ. ಉದಾಹರಣೆಗೆ, ಒಂದು ದೃಶ್ಯದಲ್ಲಿ ಅವಳು "ಮಾದೇವಣ್ಣ ಈಗ ಎಲ್ಲಿದ್ದಾನೆ?" ಅಂತ ಕೇಳಬಹುದು, ಅಥವಾ ಕೇಳದೆ ಬಿಡಬಹುದು. ಕೇಳಿದರೆ ಎರಡು ದಿನದ ನಂತರ ಅವನು ಒಬ್ಬನೇ ಬೋಟು ನಿಲ್ಲುವ ದಕ್ಕೆಗೆ ಹೋಗಿ ಬೇರೆ ಕಲಾಸಿಗಳ ಹತ್ತಿರ ವಿಳಾಸ ವಿಚಾರಿಸುವ ದೃಶ್ಯ ಬರುತ್ತದೆ. ಕೇಳದಿದ್ದರೆ ಅದೇ ದೃಶ್ಯ ಬೇರೆ ದಾರಿಯಿಂದ, ಸ್ವಲ್ಪ ತಡವಾಗಿ ಬರುತ್ತದೆ: ಅವನ ಅಮ್ಮ ಕೇಳುತ್ತಾಳೆ, ಅಥವಾ ಬಲೆ ನೇಯುವಲ್ಲಿ ಯಾರೋ ಹಿರಿಯರು ಕೇಳುತ್ತಾರೆ. ಯಾವ ಹೆಜ್ಜೆಗೂ ಶ್ರಾವ್ಯಳೊಬ್ಬಳೇ ಕಾರಣ ಆಗದ ಹಾಗೆ ನೋಡಿಕೊಳ್ಳಿ. ಆಡುವವರು ಪ್ರೇಮ ಬೇಡ ಅಂತ ಆರಿಸಿದರೂ ಅವನು ಸರಿಹೋಗುವ ದಾರಿ ಗೇಮಿನಲ್ಲಿ ಇರಬೇಕು. ಇದನ್ನು ನಾನು ಬಹಳ ಮುಖ್ಯ ಅಂತ ಹೇಳುತ್ತೇನೆ.

ಹೆಜ್ಜೆಯ ಅಂಕವನ್ನು ಪರದೆಯ ಮೇಲೆ ತೋರಿಸಬೇಡಿ. ತೋರಿಸಿದರೆ ಆಡುವವರು ಅದನ್ನೂ ತುಂಬಿಸಲು ಹೊರಡುತ್ತಾರೆ, ಮತ್ತೆ ಅವನು ತುಂಬಿಸಬೇಕಾದ ಒಂದು ಪಾತ್ರೆ ಆಗಿಬಿಡುತ್ತಾನೆ.

ಕಾಲವನ್ನೂ ಯೋಚಿಸಿ. ಬದಲಾವಣೆಗೆ ದಿನ ಬೇಕು. ನಮಗೆ ಇದು ಸುಲಭವಾಗಿ ಸಿಕ್ಕಿತು, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡಕ್ಕೆ, ಕಲಾಸಿಗಳಲ್ಲಿ ಹೆಚ್ಚಿನವರು ತಮ್ಮ ತಮ್ಮ ಊರಿಗೆ. ಕಡಲಿಗೆ ಹೋಗುವವನಿಗೆ ಕೈಯಲ್ಲಿ ಕೆಲಸ ಇಲ್ಲದ, ಮಳೆ ಬಿಡದ 61 ದಿನ. ಕುಡಿಯುವವನಿಗೆ ಇದಕ್ಕಿಂತ ಕಷ್ಟದ ಕಾಲ ಇಲ್ಲ. ಗೇಮಿನ ಒಂದೊಂದು ದಿನವೂ ಈ 61ರಲ್ಲಿ ಒಂದೊಂದು ದಿನ. ಅದರಲ್ಲಿ ಅವನು ಎರಡು ಸಲ ಮತ್ತೆ ಕುಡಿಯುತ್ತಾನೆ, ಆಡುವವರು ಎಷ್ಟೇ ಚೆನ್ನಾಗಿ ಆಡಿರಲಿ. ಮೊದಮೊದಲು ಆಡಿ ನೋಡಿದವರಿಗೆ ಸಿಟ್ಟು ಬಂತು, ನಾನು ಎಲ್ಲ ಸರಿಯಾಗಿ ಮಾಡಿದ್ದೆನಲ್ಲ ಅಂತ. ಆ ಸಿಟ್ಟು ಬರಲಿ. ಕುಡಿಯುವವರ ಮನೆಯಲ್ಲಿ ಇರುವವರಿಗೆ ಆ ಸಿಟ್ಟು ಚೆನ್ನಾಗಿ ಗೊತ್ತು.

ಬಾಟಲಿ ಬಿಸಾಡಿದರೆ ಮುಗಿಯುವುದಿಲ್ಲ

ಇದನ್ನು ಬೇರೆಯಾಗಿಯೇ ಹೇಳಬೇಕು. ದಿನವೂ ತುಂಬಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, ಮೊದಲ ಎರಡು ದಿನದೊಳಗೆ ಕೆಲವರಿಗೆ ಅಪಸ್ಮಾರದ ಹಾಗೆ ಸೆಳೆತ ಬರುತ್ತದೆ, ಎರಡು ಮೂರು ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣತೊಡಗಿ ಜೀವಕ್ಕೇ ಅಪಾಯ ಆಗಬಹುದು. ಆದ್ದರಿಂದ ಸೂರ್ಯಾಸ್ತದಲ್ಲಿ ಬಾಟಲಿ ಬಿಸಾಡುವ ನಮ್ಮ ಹಳೆಯ ದೃಶ್ಯ ಬರೀ ಸುಳ್ಳಲ್ಲ, ನಂಬಿದವರಿಗೆ ಅಪಾಯ. ಅಂಥವರು ಡಾಕ್ಟರನ್ನು ನೋಡಿಯೇ ನಿಲ್ಲಿಸಬೇಕು. ನಿಮ್ಮ ಪಾತ್ರದ ತೊಂದರೆ ಯಾವುದೇ ಇರಲಿ, ಅದು ನಿಜದಲ್ಲಿ ಹೇಗೆ ಗುಣವಾಗುತ್ತದೆ ಅಂತ ಒಂದು ವಾರ ಓದಿ, ಗೊತ್ತಿದ್ದವರನ್ನು ಕೇಳಿ.

ಊರಿನಲ್ಲಿ ನಿಜಕ್ಕೂ ಸಿಗುವ ಸಹಾಯವನ್ನೇ ಗೇಮಿಗೆ ತನ್ನಿ. ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮೂಲಕ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ, ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಚರಣ್ ಅಂಥ ಒಂದು ಶಿಬಿರಕ್ಕೆ ಹೋಗುತ್ತಾನೆ. ಆ ದಿನಗಳಲ್ಲಿ ಶ್ರಾವ್ಯ ಅವನ ಜೊತೆ ಇರುವುದಿಲ್ಲ. ಇಡೀ ಒಂದು ಅಧ್ಯಾಯದಲ್ಲಿ ನಾಯಕ ನಾಯಕಿ ಒಟ್ಟಿಗೆ ಇಲ್ಲ. ಪ್ರೇಮದ ಗೇಮಿನಲ್ಲಿ ಇದು ಸರಿಯಾ ಅಂತ ನಾವು ಜಗಳ ಆಡಿದ್ದೇವೆ. ಕೊನೆಗೆ ಉಳಿಸಿಕೊಂಡೆವು, ಮತ್ತು ಆ ದಿನಗಳಲ್ಲಿ ಆಡುವವರ ಕೈಯಲ್ಲಿ ಶ್ರಾವ್ಯಳ ಸ್ವಂತ ಬದುಕು ಕೊಟ್ಟೆವು: ಲ್ಯಾಬಿನ ರಾತ್ರಿ ಪಾಳಿ, ಅಮ್ಮನ ಮಂಡಿನೋವು, ಗೆಳತಿಯ ಜೊತೆ ಮಂಗಳೂರಿಗೆ ಹೋಗಿ ಕದ್ರಿ ಪಾರ್ಕಿನಲ್ಲಿ ಸುಮ್ನೆ ಕೂತು ಬಂದದ್ದು. ಆಡಿದವರಲ್ಲಿ ಇಬ್ಬರು ಇದೇ ಅಧ್ಯಾಯ ಜಾಸ್ತಿ ಇಷ್ಟ ಆಯಿತು ಅಂದರು.

ಬದುಕು ಬೇಡ ಅನ್ನುವ ಮಾತು ಗೇಮಿನಲ್ಲಿ ಎಲ್ಲಾದರೂ ಬಂದರೆ ಶುರುವಿನಲ್ಲೇ ಎಚ್ಚರಿಕೆಯ ಪರದೆ ಹಾಕಿ, ಮೆನುವಿನಲ್ಲಿ ಟೆಲಿ ಮಾನಸ್ ಸಂಖ್ಯೆ 14416 ಇಡಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಉಚಿತ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

"ಇವತ್ತು ಬರುವುದಿಲ್ಲ" ಅನ್ನುವ ಬಟನ್

ಹೆಚ್ಚಿನ ಗೇಮಿನಲ್ಲಿ ಇಲ್ಲ ಅಂದರೆ ಅಂಕ ಕಳೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಕುಡಿದು ಫೋನ್ ಮಾಡಿ "ಈಗಲೇ ಬಾ" ಅಂತಾನೆ, ಹೋಗದಿದ್ದರೆ ಹೃದಯ ಒಂದು ಕಡಿಮೆ. ನಾವು ಈ ಲೆಕ್ಕವನ್ನು ತೆಗೆದುಹಾಕಿದೆವು. ಶ್ರಾವ್ಯ ತನ್ನ ಮಿತಿ ಹೇಳಿದಾಗ ಪ್ರೀತಿಯ ಅಂಕ ಇಳಿಯುವುದಿಲ್ಲ. ಅವನು ಮುನಿಸಿಕೊಳ್ಳಬಹುದು, ಆ ಮುನಿಸು ದೃಶ್ಯದಲ್ಲಿ ಕಾಣಲಿ. ಆದರೆ ಗೇಮ್ ಅವನ ಪಕ್ಷ ವಹಿಸಬಾರದು.

ಮಾತು ಬರೆಯುವಾಗಲೂ ಇದೇ ನೋಡಬೇಕು. ನಮ್ಮ ಮೊದಲ ಕರಡಿನಲ್ಲಿ ಅವಳು ಹೀಗೆ ಹೇಳುತ್ತಿದ್ದಳು: "ನೀನು ಎಂತದೇ ಮಾಡು, ನಾನು ನಿನ್ನ ಬಿಟ್ಟು ಹೋಗುದಿಲ್ಲ." ಕೇಳಲು ಚಂದ. ಚರಣ್ ಆಗಿ ಕೂತು ಕೇಳಿ ನೋಡಿ, ಅವನಿಗೆ ಏನೂ ಮಾಡುವ ಅಗತ್ಯವೇ ಉಳಿಯುವುದಿಲ್ಲ. ಈಗ ಅವಳು ಹೇಳುವುದು ಹೀಗೆ: "ನಿನ್ನ ಮೇಲೆ ಪ್ರೀತಿ ಉಂಟು. ಕುಡಿದು ಬಂದ ದಿನ ನಾನು ಬಾಗಿಲು ತೆಗಿಯುದಿಲ್ಲ. ನಾಳೆ ಬೆಳಿಗ್ಗೆ ಬಾ, ಚಾ ಮಾಡ್ತೇನೆ." ಇದರಲ್ಲಿ ಪ್ರೀತಿ ಕಡಿಮೆ ಆಗಿದೆ ಅಂತ ನನಗೆ ಅನಿಸುವುದಿಲ್ಲ, ಜಾಸ್ತಿಯೇ ಆಗಿದೆ. (ಚರಣ್ ನಿಜಕ್ಕೂ ಇದ್ದಿದ್ದರೆ ಇದೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಆದ್ದರಿಂದ ತುಳು ಮನೆಮಾತಿನವರು ಆಡುವ ಕನ್ನಡವನ್ನೇ ಇಟ್ಟೆವು. ನಿಮ್ಮ ಪಾತ್ರ ಯಾವ ಊರಿನದೋ ಆ ಊರಿನ ಬಾಯಿಯನ್ನೇ ಕೊಡಿ, ಪುಸ್ತಕದ ಕನ್ನಡದಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲ.)

ಕೈ ಎತ್ತುವ ವಿಷಯ. ನಾಯಕಿಯ ಮೇಲೆ ಕೈ ಮಾಡಿದ ಮೇಲೆ ಅವನನ್ನು ಪ್ರೇಮದ ದಾರಿಯಲ್ಲಿ ಇಡಬೇಡಿ. ಸರಿಹೋಗುವ ಕತೆ ಅವನಿಗೆ ಬೇಕಾದರೆ ಇರಲಿ, ಅವಳಿಲ್ಲದೆ ಇರಲಿ. ಇದರಲ್ಲಿ ನಾವು ಮೂವರೂ ಒಂದೇ ಮಾತು.

ಮುಕ್ತಾಯಗಳನ್ನು ಬರೆಯುವಾಗ ಎರಡು ಲೆಕ್ಕವನ್ನೂ ನೋಡಿ. ಪ್ರೀತಿ ತುಂಬಿದೆ, ಹೆಜ್ಜೆ ಇಲ್ಲ: ಶ್ರಾವ್ಯ ಅಳುತ್ತಾ ಹೊರಡುತ್ತಾಳೆ. ಇದಕ್ಕೆ "ಕೆಟ್ಟ ಮುಕ್ತಾಯ" ಅಂತ ಪರದೆಯಲ್ಲಿ ಬರೆಯಬೇಡಿ, ಅವಳು ಸೋತಿಲ್ಲ. ಇದಕ್ಕೂ ಒಳ್ಳೆಯ ಚಿತ್ರ ಬಿಡಿಸಿ, ಒಳ್ಳೆಯ ಸಂಗೀತ ಕೊಡಿ. ಹೆಜ್ಜೆ ಇದೆ, ಪ್ರೀತಿ ಅಷ್ಟಿಲ್ಲ: ಅವನು ಸರಿಹೋಗುತ್ತಾನೆ, ಇಬ್ಬರೂ ದಾರಿಯಲ್ಲಿ ಸಿಕ್ಕರೆ ನಗುತ್ತಾರೆ. ಇದು ನನಗೆ ತುಂಬಾ ಇಷ್ಟದ ಮುಕ್ತಾಯ. ಎರಡೂ ಇದ್ದರೆ ನಿಮಗೆ ಗೊತ್ತೇ ಇದೆ. ಎರಡೂ ಇಲ್ಲದ್ದನ್ನು ಚಿಕ್ಕದಾಗಿ ಮುಗಿಸಿ.

ಕಷಾಯ ಮತ್ತು ಹೊನ್ನಾವರದ ಬಾಗಿಲು

ಕೊನೆಗೆ ಎಲ್ಲವೂ ಸೇರುವ ಒಂದು ದೃಶ್ಯ ಬೇಕು, ಮತ್ತು ಅದು ಮುತ್ತಿನ ದೃಶ್ಯ ಆಗಿರಬಾರದು. ಅವನ ಬಾಕಿ ಎಲ್ಲಿದೆಯೋ ಅಲ್ಲಿ ಅದು ನಡೆಯಬೇಕು.

ಆಟಿ ಅಮಾವಾಸ್ಯೆ, ಅಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆ, ಕೆಲವು ವರ್ಷ ಜುಲೈ ಕೊನೆಗೇ ಬೀಳುತ್ತದೆ, ನಮ್ಮ 61 ದಿನದ ಒಳಗೆ. ಆ ದಿನ ನಸುಕಿಗೆ ಮುಂಚೆ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುತ್ತೇವಲ್ಲ, ಬಾಯಿಗಿಟ್ಟರೆ ಮುಖ ಕಿವುಚುವಷ್ಟು ಕಹಿ. ಚರಣನ ಅಮ್ಮ ಲೋಟ ಕೊಡುತ್ತಾಳೆ, ಅವನು ಕುಡಿದಿಟ್ಟು ಮಳೆಯಲ್ಲೇ ಬಸ್‌ಸ್ಟ್ಯಾಂಡಿಗೆ ಹೋಗುತ್ತಾನೆ. ಹೆದ್ದಾರಿ 66ರಲ್ಲಿ ಕುಂದಾಪುರ, ಭಟ್ಕಳ ದಾಟಿ ಹೊನ್ನಾವರ. ಶ್ರಾವ್ಯಳಿಗೆ ಅವನು ಹೇಳಿಯೂ ಇರುವುದಿಲ್ಲ. ಈ ದೃಶ್ಯದಲ್ಲಿ ಆಡುವವರಿಗೆ ಒಂದೇ ಒಂದು ಆಯ್ಕೆಯೂ ಇಲ್ಲ, ಸುಮ್ನೆ ನೋಡಬೇಕು. ಇಷ್ಟು ಹೊತ್ತು ಅವನ ಪರವಾಗಿ ಒತ್ತುತ್ತಿದ್ದ ಬೆರಳು ಇಲ್ಲಿ ಕೆಲಸ ಇಲ್ಲದೆ ಕೂರುತ್ತದೆ, ನಮಗೆ ಬೇಕಾದದ್ದೂ ಅದೇ.

ಮಾದೇವಣ್ಣ ಕ್ಷಮಿಸಬೇಕಾ? ಇದರ ಮೇಲೆ ನಮ್ಮಲ್ಲಿ ಎರಡು ವಾರ ಚರ್ಚೆ ಆಯಿತು. ಬೇಡ ಅಂತ ತೀರ್ಮಾನ ಮಾಡಿದೆವು. ಕ್ಷಮೆ ಸಿಗುತ್ತದೆ ಅಂತ ಗೊತ್ತಿದ್ದು ಹೋದರೆ ಅದು ಇನ್ನೊಂದು ಹೃದಯ ತುಂಬಿಸಿದ ಹಾಗೆ. ಮಾದೇವಣ್ಣ ಬಾಗಿಲಿಗೆ ಬರುತ್ತಾನೆ, ಎಡಗೈಯಲ್ಲಿ ಚಿಲಕ ತೆಗೆಯುತ್ತಾನೆ, ಒಳಗೆ ಬಾ ಅನ್ನುವುದಿಲ್ಲ. ಚರಣ್ ಮಳೆಯಲ್ಲೇ ನಿಂತು ಹೇಳಬೇಕಾದದ್ದನ್ನು ಹೇಳುತ್ತಾನೆ. ಇಬ್ಬರ ಮಾತೂ ಸೇರಿ ಹತ್ತು ಸಾಲಿಗಿಂತ ಹೆಚ್ಚಿಲ್ಲ. ಉದ್ದ ಬರೆದಷ್ಟೂ ಅದು ಸುಳ್ಳಾಗುತ್ತಿತ್ತು, ಮೂವತ್ತು ಸಾಲಿನಿಂದ ಕಡಿದು ಕಡಿದು ಇಲ್ಲಿಗೆ ತಂದೆವು.

ಹೋದ ವಾರ ಚಿಕ್ಕಮ್ಮನ ಮಗಳು ಹೊಸ ಕರಡು ಆಡಿದಳು. ಹೊರಗೆ ಮಳೆ, ಒಳಗೆ ಗೋಳಿಬಜೆ ಆರುತ್ತಾ ಇತ್ತು. ಹೊನ್ನಾವರದ ಮನೆ ಪರದೆಯ ಮೇಲೆ ಬಂತು, ಚರಣ್ ಬಾಗಿಲು ತಟ್ಟಿದ. ಅವಳು ಅಭ್ಯಾಸದಂತೆ ಬೆರಳು ಮುಂದೆ ತಂದಳು, ಒತ್ತಲು ಏನೂ ಇರಲಿಲ್ಲ. ಬೆರಳು ಹಿಂದೆ ತೆಗೆದು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು: "ಅಕ್ಕಾ, ಮಾದೇವಣ್ಣ ಬಾಗಿಲು ತೆಗೀತಾನಾ?"